ಮಹಿಳಾ ಮಹಾವಿದ್ಯಾಲಯಗಳಲ್ಲಿ ಅಂಗಸಾಧನೆ: ಒಂದು ಚಾರಿತ್ರಿಕ ಅವಲೋಕನ

ನಮ್ಮ ಭಾಗದ ಯಾವುದಾದರೊಂದು ಮಹಿಳಾ ಮಹಾವಿದ್ಯಾಲಯದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯನ್ನು ತೆರೆದು ನೋಡಿರಿ. ದಾನಿಗಳ ಭಾವಚಿತ್ರಗಳಿರುತ್ತವೆ; ಅಡಿಗಲ್ಲಿನ ಸಮಾರಂಭದ ವರ್ಣನೆ ಇರುತ್ತದೆ; ಪರೀಕ್ಷೆಗಳಲ್ಲಿ ಉನ್ನತ ಶ್ರೇಣಿ ಪಡೆದ ವಿದ್ಯಾರ್ಥಿನಿಯರ ಪಟ್ಟಿ ಇರುತ್ತದೆ. ಆಟದ ಬಯಲಿಗೆ ದೊರಕುವುದು ಕೊನೆಯ ಅರ್ಧ ಪುಟ. ಅದೂ ಪಾರಿತೋಷಕವೊಂದರ ಹಿಂದೆ ಸಾಲಾಗಿ ನಿಂತ ಹುಡುಗಿಯರ ಮಸುಕಾದ ಚಿತ್ರವೊಂದರೊಡನೆ ಮುಗಿದುಹೋಗುತ್ತದೆ. ಆ ಹುಡುಗಿಯರು ಯಾವ ನೆಲದ ಮೇಲೆ ಓಡಿದರು, ಅವರಿಗೆ ಯಾರು ಕಲಿಸಿದರು, ಏನನ್ನು ಉಟ್ಟು ಓಡಿದರು, ಹೊತ್ತು ಮುಳುಗಿದ ಮೇಲೆ ಮನೆಗೆ ಹೇಗೆ ಮರಳಿದರು ಎಂಬ ಸಂಗತಿಗಳು ಬರೆಹಕ್ಕೆ ಬರುವುದೇ ಇಲ್ಲ. ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಚರಿತ್ರೆಯೆಂದರೆ ಪಾಠದ ಕೋಣೆಯ ಚರಿತ್ರೆ ಮಾತ್ರವೆಂದು ನಾವು ಬಹುಕಾಲ ತಿಳಿದುಕೊಂಡು ಬಂದಿದ್ದೇವೆ. ಆ ಕೋಣೆಯ ಹೊರಗೆ ನಡೆದುದನ್ನು ಸ್ವಲ್ಪಮಟ್ಟಿಗೆ ಜೋಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಗಜೇಂದ್ರಗಡದಂಥ ಊರಿನಲ್ಲಿ ನಿಂತು ಈ ವಿಷಯವನ್ನು ಯೋಚಿಸುವುದು ಅಪ್ರಸ್ತುತವಲ್ಲ. ೧೭೮೭ರಲ್ಲಿ ಮರಾಠರಿಗೂ ಟಿಪ್ಪು ಸುಲ್ತಾನನಿಗೂ ಆದ ಒಪ್ಪಂದದಿಂದ ಚರಿತ್ರೆಯ ಪುಸ್ತಕಗಳಲ್ಲಿ ಹೆಸರು ಪಡೆದ ಈ ಊರು, ಕೋಟೆಯ ಗುಡ್ಡ, ಕಾಲಕಾಲೇಶ್ವರನ ಸನ್ನಿಧಿ ಮತ್ತು ಮಗ್ಗದ ಸದ್ದುಗಳಿಂದ ಜನರ ಬಾಯಲ್ಲಿ ನೆಲೆಸಿದೆ. ರೋಣ, ನರಗುಂದ, ಗಜೇಂದ್ರಗಡದ ಸೀಮೆಯ ಹೆಣ್ಣುಮಗಳಿಗೆ ಮೈಮುರಿದು ದುಡಿಯುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಎರೆಹೊಲದ ಕಳೆ, ಹತ್ತಿ ಬಿಡಿಸುವ ಕೆಲಸ, ತಲೆಯ ಮೇಲೊಂದು ಬಗಲಲ್ಲೊಂದು ಕೊಡ ಹೊತ್ತು ದೂರದಿಂದ ತರುವ ನೀರು, ಮಗ್ಗದ ಮನೆಯಲ್ಲಿ ನೂಲು ಸುತ್ತುವ ಕಾಯಕ, ಇವೆಲ್ಲವೂ ದೇಹದ ದುಡಿಮೆಯೇ. ಹೀಗಿರುವಾಗ ಇವಳಿಗೆ ಬೇರೆ ವ್ಯಾಯಾಮವೇಕೆಂದು ಹಿರಿಯರು ಕೇಳುತ್ತಿದ್ದುದುಂಟು. ಮೇಲುನೋಟಕ್ಕೆ ಸರಿಯೆನಿಸಿದರೂ ಆ ಪ್ರಶ್ನೆ ಒಂದು ಮುಖ್ಯ ಭೇದವನ್ನು ಮರೆಯುತ್ತದೆ. ದುಡಿಮೆ ಮನೆತನದ್ದು; ಆಟ ತನ್ನದು. ನಾಗರ ಪಂಚಮಿಗೆ ತವರಿಗೆ ಬಂದ ಮಗಳು ಜೋಕಾಲಿಯನ್ನು ನಿಂತು ಜೀಕುತ್ತಿದ್ದಳು. ಗೆಳತಿಯರೊಡನೆ ಕೈಕೈ ಹಿಡಿದು ಫುಗಡಿ ಆಡುತ್ತಿದ್ದಳು. ವರ್ಷಕ್ಕೆ ಒಂದೆರಡು ದಿನ ಮಾತ್ರ ಅವಳ ಮೈ ಅವಳ ಸಂತೋಷಕ್ಕಾಗಿ ಚಲಿಸುತ್ತಿತ್ತು. ಗಂಡುಮಕ್ಕಳಿಗಾದರೋ ಊರೂರಿಗೆ ಗರಡಿಮನೆಗಳಿದ್ದವು, ಜಾತ್ರೆಗೊಂದು ಕುಸ್ತಿಯ ಕಣವಿತ್ತು. ಗರಡಿಯ ಹೊಸ್ತಿಲನ್ನು ಹೆಣ್ಣು ದಾಟುವಂತಿರಲಿಲ್ಲ.

ಇಂಥ ಲೇಖನಗಳನ್ನು ಬೆಳವಡಿ ಮಲ್ಲಮ್ಮನಿಂದಲೋ ಕಿತ್ತೂರ ಚೆನ್ನಮ್ಮನಿಂದಲೋ ಆರಂಭಿಸುವುದು ವಾಡಿಕೆ. ಕುದುರೆ ಏರಿ ಕತ್ತಿ ಹಿಡಿದ ಆ ರಾಣಿಯರ ಬಗೆಗೆ ಗೌರವವಿಲ್ಲದವರಾರು? ಆದರೆ ಅರಮನೆಯ ಒಬ್ಬಳು ರಾಣಿ ಕುದುರೆ ಏರಿದಳೆಂಬುದರಿಂದ ಊರಿನ ನೂರು ಹುಡುಗಿಯರಿಗೆ ಓಡುವ ಬಯಲು ದೊರೆಯಿತೆಂದು ಅರ್ಥವಾಗುವುದಿಲ್ಲ. ಸಾಮಾನ್ಯ ಮನೆಗಳ ಸ್ತ್ರೀಯರು ಗುಂಪಾಗಿ, ಶಿಸ್ತಿನಿಂದ, ಬಯಲಿನಲ್ಲಿ ಅಂಗಸಾಧನೆಗೆ ನಿಂತ ಗಳಿಗೆಯನ್ನು ಹುಡುಕಬೇಕಾದರೆ ನಾವು ಇಪ್ಪತ್ತನೆಯ ಶತಮಾನಕ್ಕೇ ಬರಬೇಕು. ಆ ಗಳಿಗೆ ನಮ್ಮ ಪಾಲಿಗೆ ೧೯೨೪ರಲ್ಲಿ ಒದಗಿತೆಂದು ನನ್ನ ಅಭಿಪ್ರಾಯ.

ಡಾ. ನಾ. ಸು. ಹರ್ಡೀಕರರು ೧೯೨೩ರಲ್ಲಿ ಕಾಕಿನಾಡಾ ಕಾಂಗ್ರೆಸ್ಸಿನ ಸಂದರ್ಭದಲ್ಲಿ ಹಿಂದೂಸ್ಥಾನಿ ಸೇವಾದಳವನ್ನು ಸ್ಥಾಪಿಸಿ, ಹುಬ್ಬಳ್ಳಿಯನ್ನು ಅದರ ಕೇಂದ್ರವನ್ನಾಗಿ ಮಾಡಿಕೊಂಡರು. ಮರುವರ್ಷವೇ ಬೆಳಗಾವಿಯಲ್ಲಿ ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಸೇವಾದಳದ ಮಹಿಳಾ ವಿಭಾಗವನ್ನು ವಹಿಸಿಕೊಂಡಿದ್ದವರು ಉಮಾಬಾಯಿ ಕುಂದಾಪುರ ಅವರು. ಎಳೆಯ ವಯಸ್ಸಿನಲ್ಲೇ ಪತಿಯನ್ನು ಕಳೆದುಕೊಂಡ ಈ ತಾಯಿ, ಮಾವನವರಾದ ಆನಂದರಾಯರ ಪ್ರೋತ್ಸಾಹದಿಂದ ಓದನ್ನು ಮುಂದುವರಿಸಿ, ಹುಬ್ಬಳ್ಳಿಯಲ್ಲಿ ತಿಲಕ ಕನ್ಯಾಶಾಲೆಯ ಹೊಣೆ ಹೊತ್ತು, ಭಗಿನಿ ಮಂಡಲವನ್ನು ಕಟ್ಟಿದರು. ಬೆಳಗಾವಿಯ ಅಧಿವೇಶನಕ್ಕಾಗಿ ಅವರು ಕರ್ನಾಟಕದ ಊರೂರು ತಿರುಗಿ ನೂರೈವತ್ತಕ್ಕೂ ಹೆಚ್ಚು ಮಂದಿ ಸ್ವಯಂಸೇವಕಿಯರನ್ನು ಕೂಡಿಸಿದರೆಂಬುದು ಚರಿತ್ರೆಯಲ್ಲಿ ದಾಖಲಾಗಿದೆ. ಅವರಲ್ಲಿ ವಿಧವೆಯರೂ ಇದ್ದರು. ಹೊರಗಿನ ಅಂಗಳಕ್ಕೂ ಬಾರದಿದ್ದವರು ಸಾಲುಗಟ್ಟಿ ನಿಂತು ಕವಾಯತು ಮಾಡಿದರು. ಸಾವಿರಾರು ಜನರ ನಡುವೆ ವ್ಯವಸ್ಥೆ ನೋಡಿಕೊಂಡರು. ಇದನ್ನು ರಾಜಕೀಯದ ಘಟನೆಯೆಂದು ಬರೆದವರು ಅನೇಕರು. ಅಂಗಸಾಧನೆಯ ಘಟನೆಯೆಂದು ಬರೆದವರು ವಿರಳ. ಮುಂದೆ ೧೯೩೨ರಲ್ಲಿ ಸೇವಾದಳವನ್ನು ಆಂಗ್ಲ ಸರಕಾರ ನಿಷೇಧಿಸಿತು. ಉಮಾಬಾಯಿಯವರು ಯರವಡಾ ಸೆರೆಮನೆ ಸೇರಿದರು. ಆದರೆ ಎಡ-ಬಲ ಹೆಜ್ಜೆ ಹಾಕಿ ನಡೆದ ಹೆಣ್ಣಿನ ಚಿತ್ರ ಈ ಭಾಗದ ಜನರ ಕಣ್ಣಿನಿಂದ ಅಳಿಸಿಹೋಗಲಿಲ್ಲ.

ವಿದ್ಯಾಸಂಸ್ಥೆಗಳ ಕಡೆಗೆ ನೋಡೋಣ. ಮೈಸೂರು ಸಂಸ್ಥಾನದಲ್ಲಿ ಅರಮನೆಯ ಆಶ್ರಯದಿಂದ ೧೮೮೧ರಲ್ಲಿಯೇ ಮಹಾರಾಣಿ ಬಾಲಿಕಾ ಪಾಠಶಾಲೆ ಆರಂಭವಾಗಿ ಕಾಲಕ್ರಮದಲ್ಲಿ ಮಹಾವಿದ್ಯಾಲಯವಾಯಿತು. ಮುಂಬಯಿ ಕರ್ನಾಟಕದಲ್ಲಿ ಅಂಥ ಅರಮನೆಯ ನೆರಳಿರಲಿಲ್ಲ. ಇಲ್ಲಿ ವಿದ್ಯೆಯ ಹೊರೆಯನ್ನು ಹೊತ್ತವರು ಮಠಗಳು ಮತ್ತು ಸಮಾಜದ ಸಂಘಗಳು. ೧೯೦೪ರಲ್ಲಿ ಹಾನಗಲ್ಲ ಶ್ರೀ ಕುಮಾರ ಸ್ವಾಮಿಗಳವರ ಪ್ರೇರಣೆಯಿಂದ ಮಹಾಸಭೆ, ೧೯೦೯ರಲ್ಲಿ ಬಾದಾಮಿಯ ಹತ್ತಿರ ಶಿವಯೋಗಮಂದಿರ, ೧೯೧೦ರಲ್ಲಿ ವಿಜಾಪುರದ ಸಂಸ್ಥೆ, ೧೯೧೬ರಲ್ಲಿ ಬೆಳಗಾವಿಯ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ, ಹೀಗೆ ಒಂದು ಪೀಳಿಗೆಯ ಅವಧಿಯಲ್ಲಿ ನಾಡಿನ ಈ ಭಾಗ ಎಚ್ಚತ್ತಿತು. ಉಚಿತ ಪ್ರಸಾದನಿಲಯಗಳು ತೆರೆದವು. ಹಳ್ಳಿಯ ಬಡ ಹುಡುಗ ಅಲ್ಲಿ ಉಂಡು, ಓದಿ, ಬೆಳಗಿನ ಜಾವ ಯೋಗಾಭ್ಯಾಸವನ್ನೋ ಸಾಮು ತೆಗೆಯುವುದನ್ನೋ ರೂಢಿಸಿಕೊಂಡು ಗಟ್ಟಿಯಾಗಿ ಹೊರಬಂದ. ಈ ಪತ್ರಿಕೆಯ ವಾಚಕರಲ್ಲಿ ಅಂಥ ನಿಲಯಗಳಲ್ಲಿ ಬೆಳೆದವರು ಅನೇಕರಿದ್ದಾರೆ. ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅವರ ಅಕ್ಕತಂಗಿಯರಿಗೆ ಆ ನಿಲಯಗಳಲ್ಲಿ ಸ್ಥಳವಿರಲಿಲ್ಲವೆಂಬುದನ್ನು ಸಂಕೋಚವಿಲ್ಲದೆ ಒಪ್ಪಿಕೊಳ್ಳಬೇಕಾಗುತ್ತದೆ. ಹೆಣ್ಣುಮಕ್ಕಳ ವಸತಿನಿಲಯಗಳು ಬಂದುದು ಬಹು ತಡವಾಗಿ. ವಸತಿ ಇಲ್ಲದೆಡೆಯಲ್ಲಿ ಮುಂಜಾವಿನ ಅಭ್ಯಾಸವಿಲ್ಲ. ಮುಂಜಾವಿನ ಅಭ್ಯಾಸವಿಲ್ಲದೆಡೆಯಲ್ಲಿ ಆಟಗಾರ್ತಿ ಹುಟ್ಟುವುದಿಲ್ಲ.

ಕಲಿಸುವವರ ಪ್ರಶ್ನೆ ಮತ್ತೊಂದು. ೧೯೩೭ರಲ್ಲಿ ಮುಂಬಯಿ ಪ್ರಾಂತದ ಕಾಂಗ್ರೆಸ್ ಮಂತ್ರಿಮಂಡಲವು ಶಾರೀರಿಕ ಶಿಕ್ಷಣವನ್ನು ಕುರಿತು ಲೋಣಾವಳಾದ ಸ್ವಾಮಿ ಕುವಲಯಾನಂದರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ೧೯೩೮ರಲ್ಲಿ ಕಾಂದಿವಲಿಯಲ್ಲಿ ಶಾರೀರಿಕ ಶಿಕ್ಷಣದ ತರಬೇತಿ ಸಂಸ್ಥೆ ಆರಂಭವಾಯಿತು. ಮದರಾಸಿನಲ್ಲಿ ೧೯೨೦ರಿಂದಲೇ ಇದ್ದ ವೈ.ಎಂ.ಸಿ.ಎ. ವಿದ್ಯಾಲಯದಂತೆ ಇದೂ ವೃತ್ತಿಯ ಶಿಕ್ಷಕರನ್ನು ತಯಾರಿಸತೊಡಗಿತು. ಅದಕ್ಕೆ ಮುಂಚೆ ಶಾಲೆಯ ಆಟದ ಮಾಸ್ತರರೆಂದರೆ ಸೇನೆಯಿಂದ ನಿವೃತ್ತರಾದ ಒಬ್ಬರು; ಅವರು ಬಲ್ಲದ್ದು ಕವಾಯತು ಒಂದೇ. ಕಾಂದಿವಲಿಯಿಂದ ಬಂದವರು ಲೇಜಿಮ್, ಖೊಖೊ, ಮಲ್ಲಕಂಬಗಳ ಜೊತೆಗೆ ಓಟ-ಜಿಗಿತ-ಎಸೆತಗಳ ಕ್ರಮವನ್ನೂ ಬಲ್ಲವರಾಗಿದ್ದರು. ಹೆಣ್ಣುಮಕ್ಕಳ ಶಾಲೆಗಳಿಗೆ ಬೇಕಾಗಿದ್ದ ಶಿಕ್ಷಕಿಯರು ಮಾತ್ರ ಬೆರಳೆಣಿಕೆಯಷ್ಟು. ಈ ಕೊರತೆ ಸ್ವಾತಂತ್ರ್ಯಾನಂತರವೂ, ೧೯೫೭ರಲ್ಲಿ ಗ್ವಾಲಿಯರಿನಲ್ಲಿ ಝಾನ್ಸಿಯ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ ರಾಷ್ಟ್ರೀಯ ಶಾರೀರಿಕ ಶಿಕ್ಷಣ ಮಹಾವಿದ್ಯಾಲಯ ತೆರೆಯುವವರೆಗೂ, ಬಹುಮಟ್ಟಿಗೆ ಹಾಗೆಯೇ ಉಳಿಯಿತು.

ಹೆಣ್ಣಿನ ಓಟದ ಬಗೆಗಿನ ಅಳುಕು ನಮ್ಮ ಹಳ್ಳಿಗರದು ಮಾತ್ರ ಆಗಿರಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಓಲಿಂಪಿಕ್ ಕ್ರೀಡೆಗಳಲ್ಲಿ ಸ್ತ್ರೀಯರಿಗೆ ಓಟ-ಜಿಗಿತಗಳಲ್ಲಿ ಪ್ರವೇಶ ದೊರೆತದ್ದು ೧೯೨೮ರಲ್ಲಿ, ಆಮ್‌ಸ್ಟರ್‌ಡಾಮ್ ನಗರದಲ್ಲಿ. ಅಲ್ಲಿ ೮೦೦ ಮೀಟರ್ ಓಟವನ್ನು ಜರ್ಮನಿಯ ಲೀನಾ ರಾಡ್ಕೆ ೨ ನಿಮಿಷ ೧೬.೮ ಸೆಕೆಂಡುಗಳಲ್ಲಿ ಮುಗಿಸಿ ಗೆದ್ದಳು. ಓಟ ಮುಗಿದಾಗ ದಣಿದವರು ಒಂದಿಬ್ಬರು ನೆಲಕ್ಕೆ ಒರಗಿದರು. ಪುರುಷರ ಓಟದಲ್ಲಿಯೂ ಆಗುವ ಸಂಗತಿಯೇ ಅದು. ಆದರೆ ಪತ್ರಿಕೆಗಳು ಅದನ್ನು ಭಯಾನಕ ದೃಶ್ಯವೆಂಬಂತೆ ಬಣ್ಣಿಸಿದವು, ವೈದ್ಯರು ತಲೆಯಾಡಿಸಿದರು, ೮೦೦ ಮೀಟರ್ ಓಟವು ಸ್ತ್ರೀಯರ ಪಟ್ಟಿಯಿಂದ ಅಳಿಸಿಹೋಯಿತು. ಅದು ಮರಳಿ ಬಂದದ್ದು ೧೯೬೦ರಲ್ಲಿ. ೪೦೦ ಮೀಟರ್ ಸೇರಿದ್ದು ೧೯೬೪ರಲ್ಲಿ, ೧೫೦೦ ಮೀಟರ್ ೧೯೭೨ರಲ್ಲಿ, ಮ್ಯಾರಥಾನ್ ೧೯೮೪ರಲ್ಲಿ, ಕೋಲು ಜಿಗಿತ ೨೦೦೦ದಲ್ಲಿ. ಇಪ್ಪತ್ತನೆಯ ಶತಮಾನದುದ್ದಕ್ಕೂ ಒಂದೊಂದೇ ಓಟ, ಒಂದೊಂದೇ ಜಿಗಿತ, ತಕರಾರಿನ ನಡುವೆ ಪಟ್ಟಿಗೆ ಏರಿತು. ಜಗತ್ತಿನ ಪಟ್ಟಿಯೇ ಕುಗ್ಗಿರುವಾಗ ನಮ್ಮ ಕಾಲೇಜುಗಳ ಪಟ್ಟಿ ಹಿಗ್ಗಲು ಹೇಗೆ ಸಾಧ್ಯ? ನೂರು, ಇನ್ನೂರು ಮೀಟರ್ ಓಟ, ಉದ್ದ ಜಿಗಿತ, ಎತ್ತರ ಜಿಗಿತ, ಗುಂಡು ಎಸೆತ, ಚಕ್ರ ಎಸೆತ: ಹೆಣ್ಣುಮಕ್ಕಳ ವಿಭಾಗವೆಂದರೆ ಬಹುಕಾಲ ಇಷ್ಟೇ. ಇದರ ಪರಿಣಾಮ ವಿಚಿತ್ರವಾದುದು. ಹೊಲಕ್ಕೂ ಊರಿಗೂ ನಡೆದು, ನೀರು ಹೊತ್ತು, ದಮ್ಮು ಗಟ್ಟಿಯಾಗಿದ್ದ ನಮ್ಮ ಹಳ್ಳಿಯ ಹುಡುಗಿಗೆ ಸಹಜವಾಗಿ ಒಗ್ಗುತ್ತಿದ್ದ ದೂರದ ಓಟವೇ ಆ ಪಟ್ಟಿಯಲ್ಲಿರಲಿಲ್ಲ.

ಸ್ವತಂತ್ರ ಭಾರತದಲ್ಲಿ ಮೊದಲು ಓಡಿದವರು ಮುಂಬಯಿ ಮತ್ತು ಕಲ್ಕತ್ತೆಯ ನಗರಕನ್ಯೆಯರು. ೧೯೫೧ರ ದಿಲ್ಲಿಯ ಏಶಿಯಾ ಕ್ರೀಡೆಗಳಲ್ಲಿ ರೋಶನ್ ಮಿಸ್ತ್ರಿ ನೂರು ಮೀಟರಿನಲ್ಲಿ ಬೆಳ್ಳಿ ಪಡೆದರು. ೧೯೫೨ರಲ್ಲಿ ಹೆಲ್ಸಿಂಕಿಗೆ ಹೋದ ಮೇರಿ ಡಿಸೋಜಾ ಮತ್ತು ನೀಲಿಮಾ ಘೋಷ್ ಓಲಿಂಪಿಕ್ ಓಟದ ಕಣಕ್ಕಿಳಿದ ಪ್ರಥಮ ಭಾರತೀಯ ಸ್ತ್ರೀಯರಾದರು. ೧೯೫೪ರಲ್ಲಿ ಮನಿಲಾದಲ್ಲಿ ನಮ್ಮ ಹೆಣ್ಣುಮಕ್ಕಳ ರಿಲೇ ತಂಡ ಚಿನ್ನ ಗೆದ್ದಿತು. ಇದೇ ಕಾಲದಲ್ಲಿ, ೧೯೫೩ರಲ್ಲಿ, ಆರೋಗ್ಯ ಮಂತ್ರಿಣಿಯಾಗಿದ್ದ ರಾಜಕುಮಾರಿ ಅಮೃತ ಕೌರ್ ಅವರ ಹೆಸರಿನ ತರಬೇತಿ ಯೋಜನೆಯೂ ಆರಂಭಗೊಂಡಿತು. ಬೆಂಗಳೂರಿನಲ್ಲಿ ಇನ್ನೊಂದು ಕತೆ ನಡೆದಿತ್ತು: ಎಲ್ವೆರಾ ಬ್ರಿಟೊ ಅವರ ನಾಯಕತ್ವದಲ್ಲಿ ಮೈಸೂರು ರಾಜ್ಯದ ಮಹಿಳಾ ಹಾಕಿ ತಂಡವು ೧೯೬೦ರ ದಶಕದಲ್ಲಿ ಏಳು ಬಾರಿ ರಾಷ್ಟ್ರೀಯ ವಿಜಯ ಸಾಧಿಸಿತು, ೧೯೬೫ರ ಅರ್ಜುನ ಪ್ರಶಸ್ತಿ ಅವರಿಗೆ ಸಂದಿತು. ಆದರೆ ಈ ವಿಜಯದ ಬೇರುಗಳಿದ್ದುದು ದಂಡುಪ್ರದೇಶದ ಕಾನ್ವೆಂಟ್ ಶಾಲೆಗಳಲ್ಲಿ, ಆಂಗ್ಲೋ-ಇಂಡಿಯನ್ ಕುಟುಂಬಗಳ ಆಟದ ರೂಢಿಯಲ್ಲಿ. ತುಂಗಭದ್ರೆಯ ಉತ್ತರಕ್ಕೆ ಅದರ ಗಾಳಿ ಸೋಕಲಿಲ್ಲ.

ಇಲ್ಲಿ ಬೇರೆ ದಾರಿಯೇ ಬೇಕಾಯಿತು. ಮುಂಬಯಿ ವಿಶ್ವವಿದ್ಯಾಲಯದ ಅಧೀನದಲ್ಲಿದ್ದ ನಮ್ಮ ಕಾಲೇಜುಗಳಿಗೆ ೧೯೪೯ರ ಶಾಸನದಿಂದ ಕರ್ನಾಟಕ ವಿಶ್ವವಿದ್ಯಾಲಯ ದೊರೆತು, ೧೯೫೦ರಲ್ಲಿ ಅದು ಧಾರವಾಡಕ್ಕೆ ಬಂದು ನೆಲೆಸಿತು. ಅಂತರ ಮಹಾವಿದ್ಯಾಲಯ ಕ್ರೀಡಾಕೂಟವೆಂಬುದು ಮುಂಬಯಿಯ ದೂರದ ಮಾತಾಗಿ ಉಳಿಯದೆ ಒಂದು ಹಗಲಿನ ಪ್ರಯಾಣವಾಯಿತು. ಪ್ರತಿ ಕಾಲೇಜಿನಲ್ಲಿಯೂ ಜಿಮಖಾನಾ ಇತ್ತು. ಶುಲ್ಕದ ಪಾವತಿಯಲ್ಲಿ ಜಿಮಖಾನಾ ಫೀ ಎಂಬ ಒಂದು ಸಾಲೂ ಇತ್ತು. ಹುಡುಗಿಯರೂ ಆ ಫೀಯನ್ನು ಹುಡುಗರಷ್ಟೇ ಕೊಟ್ಟರು. ಪ್ರತಿಯಾಗಿ ಅವರಿಗೆ ದೊರೆತದ್ದು ಬಹುತೇಕ ಕಡೆ ಮಹಿಳೆಯರ ಕೊಠಡಿಯಲ್ಲಿ ಒಂದು ಕೇರಂ ಹಲಗೆ, ಹೆಚ್ಚೆಂದರೆ ಅಂಗಳದಲ್ಲೊಂದು ಥ್ರೋಬಾಲ್ ಬಲೆ. ವಾರ್ಷಿಕ ಸ್ನೇಹಸಮ್ಮೇಳನ ಸಮೀಪಿಸಿದಾಗ ನಿಂಬೆಹಣ್ಣು-ಚಮಚೆಯ ಓಟ, ಸಂಗೀತ ಕುರ್ಚಿ. ಪ್ರತ್ಯೇಕ ಮಹಿಳಾ ಮಹಾವಿದ್ಯಾಲಯದ ಮಹತ್ವ ತಿಳಿಯಬೇಕಾದುದು ಈ ಹಿನ್ನೆಲೆಯಲ್ಲಿ. ಪ್ರತ್ಯೇಕತೆ ಹೆಣ್ಣನ್ನು ಹಿಂದಿಡುತ್ತದೆ ಎನ್ನುವವರುಂಟು. ಆ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಆಟದ ವಿಷಯದಲ್ಲಿ ಫಲ ತದ್ವಿರುದ್ಧವಾಯಿತು. ಸಹಶಿಕ್ಷಣದ ಕಾಲೇಜಿನಲ್ಲಿ ಇದ್ದ ಒಂದೇ ಬಯಲು ಕ್ರಿಕೆಟ್ ಆಡುವ ಹುಡುಗರದು. ಮಹಿಳಾ ಕಾಲೇಜಿನಲ್ಲಿ ಬಯಲು ಎಷ್ಟೇ ಚಿಕ್ಕದಿರಲಿ, ಅದು ಅವರದೇ. ಸುತ್ತಲೂ ಗೋಡೆ ಇದ್ದುದರಿಂದ ತಂದೆತಾಯಿಗಳ ಆಕ್ಷೇಪವೂ ಅರ್ಧ ತಗ್ಗಿತು. ಜಿಮಖಾನಾದ ಕಾರ್ಯದರ್ಶಿಯೂ ಹುಡುಗಿಯೇ, ತಂಡದ ನಾಯಕಿಯೂ ಹುಡುಗಿಯೇ, ಸುಣ್ಣದ ಗೆರೆ ಹಾಕುವವಳೂ ಹುಡುಗಿಯೇ.

ಉಡುಪಿನ ವಿಷಯ ಹಗುರವಾಗಿ ಕಾಣಬಹುದು. ಆಗಿನವರಿಗೆ ಅದು ಹಗುರವಾಗಿರಲಿಲ್ಲ. ಇಳಕಲ್ಲ ಸೀರೆಯನ್ನು ಕಚ್ಚೆ ಹಾಕಿ ಉಟ್ಟ ಮುತ್ತಜ್ಜಿ ನಿಜಕ್ಕೂ ಓಡಬಲ್ಲವಳಾಗಿದ್ದಳು. ಶಾಲೆಗೆ ಹೋದ ಮೊಮ್ಮಗಳು ಗುಂಡುಸೀರೆ ಉಟ್ಟು ಆ ಸ್ವಾತಂತ್ರ್ಯವನ್ನು ಕಳೆದುಕೊಂಡಳೆಂಬುದು ಒಂದು ವಿಪರ್ಯಾಸ. ಪರಕರ-ಪೋಲಕದ ಬಾಲಕಿ ಕಾಲೇಜು ಸೇರುತ್ತಲೇ ಸೀರೆಯವಳಾಗಬೇಕು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು ಗುಂಡು ಎಸೆದಾಳು, ಆದರೆ ತಡೆ ಓಟ ಓಡುವುದೆಂತು? ಈ ಗಂಟನ್ನು ಬಿಡಿಸುವುದರಲ್ಲಿ ಒಂದು ಅನಿರೀಕ್ಷಿತ ನೆರವು ಎನ್.ಸಿ.ಸಿ.ಯಿಂದ ಬಂದಿತು. ೧೯೪೯ರಲ್ಲಿ ಅದರ ಬಾಲಕಿಯರ ವಿಭಾಗ ಆರಂಭವಾಗಿ, ಸರಕಾರದ ಸಮವಸ್ತ್ರವೆಂಬ ಮುದ್ರೆಯೊಡನೆ ಕಾಲೇಜುಗಳನ್ನು ಪ್ರವೇಶಿಸಿತು. ಸರಕಾರವೇ ಕೊಟ್ಟ ಬಟ್ಟೆಗೆ ಆಕ್ಷೇಪಿಸುವವರು ಕಡಿಮೆ. ಅನಂತರ ಸಲವಾರ್ ಬಂದಿತು. ಅದರ ಹಿಂದೆ ಟ್ರ್ಯಾಕ್ ಸೂಟ್ ಬಂದಿತು. ಇಂದು ಯಾವ ಹಳ್ಳಿಯಲ್ಲಿಯೂ ಟ್ರ್ಯಾಕ್ ಸೂಟಿನ ಹುಡುಗಿಯನ್ನು ಯಾರೂ ನಿಂತು ನೋಡುವುದಿಲ್ಲ.

೧೯೬೯ರಲ್ಲಿ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಹೆಸರಿನಲ್ಲಿ ಬಾಲಕಿಯರ ವಸತಿಶಾಲೆ ಸ್ಥಾಪಿತವಾದುದನ್ನು ಇಲ್ಲಿ ನೆನೆಯಬೇಕು. ಸೈನಿಕ ಶಾಲೆಯ ಮಾದರಿಯ ಆ ಶಾಲೆಯಲ್ಲಿ ಓದಿನಷ್ಟೇ ಮೈದಾನಕ್ಕೂ ದಿನಚರಿಯಲ್ಲಿ ಸ್ಥಾನವಿದೆ. ಕುದುರೆ ಸವಾರಿಯನ್ನೂ ಕಲಿಸುತ್ತಾರೆ. ಮೇಲೆ ಹೇಳಿದ ರಾಣಿಯ ಕುದುರೆ ಊರಿನ ಹುಡುಗಿಯರಿಗೆ ದಕ್ಕಿದ್ದು ಹೀಗೆ, ಸುಮಾರು ಒಂದೂವರೆ ಶತಮಾನದ ಬಳಿಕ. ೧೯೭೦ರಲ್ಲಿ ಬ್ಯಾಂಕಾಕಿನಲ್ಲಿ ಕಮಲಜಿತ್ ಸಂಧು ೪೦೦ ಮೀಟರ್ ಓಟ ಗೆದ್ದು, ಏಶಿಯಾ ಕ್ರೀಡೆಗಳಲ್ಲಿ ಒಬ್ಬಳೇ ಓಡಿ ಚಿನ್ನ ಗಳಿಸಿದ ಪ್ರಥಮ ಭಾರತೀಯಳೆನಿಸಿದರು. ೧೯೭೫, ಅಂತರರಾಷ್ಟ್ರೀಯ ಮಹಿಳಾ ವರ್ಷ. ಆ ನಿಮಿತ್ತ ಕೇಂದ್ರ ಸರಕಾರ ರಾಷ್ಟ್ರೀಯ ಮಹಿಳಾ ಕ್ರೀಡಾ ಉತ್ಸವವನ್ನು ಆರಂಭಿಸಿತು. ಆಮೇಲೆ ಬಂದದ್ದು ದೂರದರ್ಶನದ ಕಾಲ. ೧೯೮೪ರಲ್ಲಿ ಲಾಸ್ ಏಂಜಲಿಸಿನಲ್ಲಿ ಪಿ. ಟಿ. ಉಷಾ ಸೆಕೆಂಡಿನ ನೂರನೆಯ ಒಂದು ಭಾಗದಿಂದ ಪದಕ ಕಳೆದುಕೊಂಡುದನ್ನು ನಾಡೆಲ್ಲ ಮರುಗಿ ಮಾತಾಡಿತು. ಅದೇ ಕ್ರೀಡೆಗಳಲ್ಲಿ ೪×೪೦೦ ಮೀಟರ್ ರಿಲೇಯ ಅಂತಿಮ ಸುತ್ತಿಗೇರಿ ಏಳನೆಯದಾದ ತಂಡದಲ್ಲಿಯೂ, ೧೯೮೬ರಲ್ಲಿ ಸೋಲ್ ನಗರದಲ್ಲಿ ಚಿನ್ನ ಗೆದ್ದ ತಂಡದಲ್ಲಿಯೂ ಕರ್ನಾಟಕದ ವಂದನಾ ರಾವ್ ಇದ್ದರು. ಕೊಡಗಿನ ಅಶ್ವಿನಿ ನಾಚಪ್ಪ ಉಷಾ ಅವರನ್ನೇ ಹಿಂದೆ ಹಾಕಿ ಓಡಿದರು. ಕೊಡಗು ಮತ್ತು ಕರಾವಳಿ ಅಂದಿನಿಂದ ಇಂದಿನವರೆಗೆ ರಾಜ್ಯದ ಓಟಗಾರ್ತಿಯರ ತವರು. ಪ್ರಮೀಳಾ ಅಯ್ಯಪ್ಪ, ಸಹನಾ ಕುಮಾರಿ, ಎಂ. ಆರ್. ಪೂವಮ್ಮ ಎಲ್ಲರೂ ಆ ಕಡೆಯವರೇ. ಆ ಭಾಗದ ಮನೆಗಳಲ್ಲಿ ಆಟವೆಂದರೆ ಮರ್ಯಾದೆಯ ವಿಷಯ. ಸೈನ್ಯದ ಪರಂಪರೆ, ಕಾನ್ವೆಂಟ್ ಶಾಲೆ, ಊರಿಗೊಂದು ಹಾಕಿ ಹಬ್ಬ, ಎಲ್ಲವೂ ಕೂಡಿದ್ದವು.

ಹಾಗಾದರೆ ನಮ್ಮ ಎರೆಸೀಮೆ ಬಂಜೆಯೇ? ಅಲ್ಲವೆಂಬುದಕ್ಕೆ ಒಬ್ಬ ಹೆಣ್ಣುಮಗಳ ಹೆಸರು ಸಾಕು. ಧಾರವಾಡ ಜಿಲ್ಲೆಯ ಪಶುಪತಿಹಾಳ ಎಂಬ ಹಳ್ಳಿಯಲ್ಲಿ ೧೯೭೮ರಲ್ಲಿ ಜನಿಸಿದ ಜೆ. ಜೆ. ಶೋಭಾ, ಜಾವೂರ ಜಗದೀಶಪ್ಪನವರ ಮಗಳು, ಆರಿಸಿಕೊಂಡದ್ದು ಎಲ್ಲಕ್ಕಿಂತ ಕಠಿಣವಾದ ಸಪ್ತಸ್ಪರ್ಧೆಯನ್ನು. ಮೊದಲ ದಿನ ನೂರು ಮೀಟರ್ ತಡೆ ಓಟ, ಎತ್ತರ ಜಿಗಿತ, ಗುಂಡು ಎಸೆತ, ಇನ್ನೂರು ಮೀಟರ್ ಓಟ. ಎರಡನೆಯ ದಿನ ಉದ್ದ ಜಿಗಿತ, ಈಟಿ ಎಸೆತ, ಎಲ್ಲವೂ ಮುಗಿದು ಮೈ ಸೋತ ಮೇಲೆ ಎಂಟುನೂರು ಮೀಟರ್. ೨೦೦೨ರಲ್ಲಿ ಬುಸಾನ್ ಮತ್ತು ೨೦೦೬ರಲ್ಲಿ ದೋಹಾ ಏಶಿಯಾ ಕ್ರೀಡೆಗಳಲ್ಲಿ ಅವರು ಕಂಚು ಪಡೆದರು. ೨೦೦೩ರಲ್ಲಿ ಹೈದರಾಬಾದಿನ ಆಫ್ರೋ-ಏಶಿಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದರು; ೨೦೦೪ರಲ್ಲಿ ದಿಲ್ಲಿಯಲ್ಲಿ ೬೨೧೧ ಅಂಕ ಗಳಿಸಿದರು. ಈ ಅಂಕದ ಬೆಲೆ ತಿಳಿಯಬೇಕಾದರೆ ಒಂದು ಹೋಲಿಕೆ ಸಾಕು: ಹದಿನಾಲ್ಕು ವರ್ಷಗಳ ಬಳಿಕ, ೨೦೧೮ರಲ್ಲಿ, ಬಂಗಾಳದ ಸ್ವಪ್ನಾ ಬರ್ಮನ್ ಏಶಿಯಾ ಕ್ರೀಡೆಗಳ ಚಿನ್ನವನ್ನೇ ಗೆದ್ದದ್ದು ೬೦೨೬ ಅಂಕಗಳಿಂದ. ೨೦೦೪ರ ಅಥೆನ್ಸ್ ಓಲಿಂಪಿಕ್ಸಿನಲ್ಲಿ ಶೋಭಾ ಅವರ ಪಾದದ ಕೀಲಿಗೆ ಪೆಟ್ಟಾಯಿತು. ನಡೆಯುವುದೇ ಕಷ್ಟವಾಗಿದ್ದವರು ಕಾಲಿಗೆ ಪಟ್ಟಿ ಬಿಗಿದುಕೊಂಡು ಕೊನೆಯ ಎಂಟುನೂರು ಮೀಟರನ್ನು ಓಡಿ ಮುಗಿಸಿದರು. ಹನ್ನೊಂದನೆಯ ಸ್ಥಾನ ಬಂದಿತು. 'ಹೆಣ್ಣಿಗೆ ಎಂಟುನೂರು ಮೀಟರ್ ಆಗದು' ಎಂದು ೧೯೨೮ರಲ್ಲಿ ತಲೆಯಾಡಿಸಿದ ವೈದ್ಯರು ಆ ಸಂಜೆ ಅಥೆನ್ಸಿನಲ್ಲಿ ಇರಬೇಕಾಗಿತ್ತು.

ಶೋಭಾ ಅವರಿಗೆ ಉದ್ಯೋಗ ಕೊಟ್ಟು ಪೋಷಿಸಿದ್ದು ರೈಲ್ವೆ. ಅವರು ನೆಲೆಸಿದ್ದು ಸಿಕಂದರಾಬಾದಿನಲ್ಲಿ. ಈ ಸಂಗತಿಯನ್ನು ನಾವು ಹೆಮ್ಮೆಯ ಭರದಲ್ಲಿ ದಾಟಿಹೋಗಬಾರದು. ಹಳ್ಳಿಯಲ್ಲಿ ಹುಟ್ಟಿದ ಪ್ರತಿಭೆ ಹಳ್ಳಿಯ ಹತ್ತಿರದಲ್ಲಿ ಅರಳಲು ಬೇಕಾದ ವ್ಯವಸ್ಥೆ ಆಗ ಇರಲಿಲ್ಲ. ಈಗ ಇದೆಯೇ ಎಂಬುದೇ ಪ್ರಶ್ನೆ. ೨೦೦೩ರಲ್ಲಿ ವಿಜಾಪುರದಲ್ಲಿ ರಾಜ್ಯದ ಮಹಿಳಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ೨೦೧೭ರಲ್ಲಿ ಅದಕ್ಕೆ ಅಕ್ಕಮಹಾದೇವಿಯ ಹೆಸರಿಡಲಾಯಿತು. ಉತ್ತರ ಕರ್ನಾಟಕದ ಮಹಿಳಾ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ಕ್ರೀಡೆಯ ದೃಷ್ಟಿಯಿಂದ ಇದರಿಂದಾದ ಬದಲಾವಣೆಯನ್ನು ಲೆಕ್ಕದ ಭಾಷೆಯಲ್ಲಿ ಹೇಳಬಹುದು. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಸ್ಪರ್ಧೆಗೆ ಒಂದು ವಿಶ್ವವಿದ್ಯಾಲಯದಿಂದ ಒಂದು ತಂಡ. ಮೊದಲು ಧಾರವಾಡದ ಒಂದೇ ತಂಡಕ್ಕಾಗಿ ಸ್ಪರ್ಧಿಸಬೇಕಾಗಿದ್ದ ಹುಡುಗಿಯರಿಗೆ ಈಗ ಮತ್ತೊಂದು ತಂಡದ ಬಾಗಿಲು ತೆರೆಯಿತು. ಅಲ್ಲಿಯೇ ಶಾರೀರಿಕ ಶಿಕ್ಷಣದ ಪದವಿಯೂ ಇರುವುದರಿಂದ, ಓಡಿದವಳು ಮುಂದೆ ಓಡಿಸುವವಳಾಗುವ ದಾರಿಯೂ ಆಯಿತು. ಶಿಕ್ಷಕಿಯರ ಹಳೆಯ ಬರ ಇದರಿಂದ ಎಷ್ಟೋ ನೀಗಿದೆ. ವಿಜಾಪುರ-ಬಾಗಲಕೋಟೆಗಳ ಸೈಕಲ್ ಪಟುಗಳಲ್ಲಿ ಹೆಣ್ಣುಮಕ್ಕಳಿದ್ದಾರೆ. ಗದಗ, ಹಳಿಯಾಳಗಳ ಕಡೆ ಹೆಣ್ಣುಮಕ್ಕಳು ಕುಸ್ತಿಯ ಮಣ್ಣಿಗೂ ಇಳಿದಿದ್ದಾರೆ. ಗರಡಿಯ ಆ ಹೊಸ್ತಿಲು ಕೊನೆಗೂ ದಾಟಿತು.

ಆದರೆ ಬಯಲಿನ ಮಾತು? ಎಂಟು ಪಥಗಳ ನಾಲ್ಕುನೂರು ಮೀಟರ್ ಓಟದ ದಾರಿಗೆ ಸುಮಾರು ೧೭೭ ಮೀಟರ್ ಉದ್ದ, ೯೩ ಮೀಟರ್ ಅಗಲದ ಸಮನೆಲ ಬೇಕು. ಎಂದರೆ ನಾಲ್ಕು ಎಕರೆ. ಊರೊಳಗಿನ ಮಹಿಳಾ ಕಾಲೇಜುಗಳಲ್ಲಿ ಗುಂಟೆಗಳ ಲೆಕ್ಕವೇ ಹೊರತು ಎಕರೆಗಳ ಲೆಕ್ಕವಿಲ್ಲ. ಸುರಕ್ಷತೆಗಾಗಿ ಪೇಟೆಯ ನಡುವೆ ಕಟ್ಟಿದ ಕಾಲೇಜು ಬಯಲನ್ನು ಬಿಟ್ಟುಕೊಡಬೇಕಾಯಿತು. ಇನ್ನೂರು ಮೀಟರಿನ ದಾರಿ ಹಾಕಿಕೊಂಡರೆ ನಾಲ್ಕುನೂರು ಮೀಟರಿಗೆ ಎರಡು ತಿರುವುಗಳ ಬದಲು ನಾಲ್ಕು, ಅವೂ ಕಡಿದಾದವು. ನೂರು ಮೀಟರನ್ನು ನೇರವಾಗಿ ಓಡುವಂತೆಯೇ ಇಲ್ಲ, ಏಕೆಂದರೆ ಓಟ ಮುಗಿದು ನಿಲ್ಲುವುದಕ್ಕೇ ಹದಿನೇಳು ಮೀಟರ್ ಬೇಕು. ಅದರ ಮೇಲೆ ನಮ್ಮ ಎರೆಮಣ್ಣು. ಮಳೆ ಬಿದ್ದರೆ ಅಂಗಾಲಿಗೆ ಸೇರುಗಟ್ಟಲೆ ಮೆತ್ತಿಕೊಳ್ಳುತ್ತದೆ, ಬೇಸಗೆಯಲ್ಲಿ ಕಾಲು ಸಿಕ್ಕುವಷ್ಟು ಬಾಯಿಬಿಡುತ್ತದೆ. ಗಜೇಂದ್ರಗಡದ ಗುಡ್ಡದ ಬದಿಯ ಗರಸು ನೆಲ ಇದಕ್ಕಿಂತ ಎಷ್ಟೋ ಮೇಲು. ಎರೆಯ ಬಯಲಿನ ಮೇಲೆ ಗರಸು ಹರಡಿ ರೂಲು ಹೊಡೆಸಿದರೆ ಒಂದು ಹಂಗಾಮು ತಡೆಯುತ್ತದೆ. ಕಟ್ಟಡಕ್ಕೆ ಕೊಡುವ ದಾನಿಗಳಿದ್ದಾರೆ, ಕೋಣೆಯ ಮೇಲೆ ಹೆಸರು ಕೆತ್ತಿಸಬಹುದು. ಗರಸಿನ ಮೇಲೆ ಹೆಸರು ಕೆತ್ತಿಸುವುದು ಹೇಗೆ?

ಮೈದಾನಕ್ಕಿಂತ ಒಳಗಿನ ತೊಂದರೆ ಇನ್ನೊಂದಿದೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಸ್ತ್ರೀಯರಲ್ಲಿ ಅರ್ಧಕ್ಕೆ ಸಮೀಪ ಜನರಿಗೆ ರಕ್ತಹೀನತೆ ಇದೆ. ರಕ್ತದಲ್ಲಿ ಕಬ್ಬಿಣಾಂಶ ಕಡಿಮೆಯಾದರೆ ಸ್ನಾಯುಗಳಿಗೆ ಪ್ರಾಣವಾಯು ಸಾಲದು. ಎರಡು ಸುತ್ತಿಗೇ ಉಸಿರು ಕಟ್ಟುತ್ತದೆ. ಅದನ್ನು ಸೋಮಾರಿತನವೆಂದು ಬೈದು ತಂಡದಿಂದ ಬಿಟ್ಟ ಹುಡುಗಿಯರು ಎಷ್ಟು ಮಂದಿಯೋ! ಬೆಳಿಗ್ಗೆ ಕೆಲಸ ಮುಗಿಸಿ, ತುತ್ತು ರೊಟ್ಟಿಯನ್ನೂ ತಿನ್ನದೆ ಬಸ್ಸು ಹತ್ತಿ ಬರುವವಳಿಗೆ ಸಂಜೆಯ ಅಭ್ಯಾಸವೆಂದರೆ ಹಸಿವಿನ ಅಭ್ಯಾಸ. ನೆನೆದ ಶೇಂಗಾ, ಬೆಲ್ಲ, ಮೊಳೆತ ಹೆಸರು, ಮಡಕಿಗಳನ್ನು ಅಭ್ಯಾಸಕ್ಕೆ ಮೊದಲು ಕೊಡುವ ಏರ್ಪಾಡು ದೊಡ್ಡ ಖರ್ಚಿನದಲ್ಲ. ಸಾವಿರಾರು ಜನರಿಗೆ ದಾಸೋಹ ನಡೆಸುವ ನಾಡಿನಲ್ಲಿ ಮೂವತ್ತು ಆಟಗಾರ್ತಿಯರ ಬುತ್ತಿ ಯಾವ ಲೆಕ್ಕ?

ಪ್ರಯಾಣದ ತೊಡಕು ಮಾತ್ರ ಈಚೆಗೆ ಸಡಿಲಗೊಂಡಿದೆ. ೨೦೦೬-೦೭ರಲ್ಲಿ ಆರಂಭಗೊಂಡು ಕೆಲವು ಕಾಲ ನಡೆದ ಶಾಲಾ ಸೈಕಲ್ ಯೋಜನೆ ಹುಡುಗಿಯರನ್ನು ಊರಿನ ಹೊರಗೆ ತಂದಿತು. ೨೦೨೩ರ ಜೂನ್ ೧೧ರಿಂದ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಸ್ತ್ರೀಯರಿಗೆ ಉಚಿತ ಪ್ರಯಾಣ ದೊರೆತು, ಗಜೇಂದ್ರಗಡದಿಂದ ಐವತ್ತು ಕಿಲೋಮೀಟರಿಗೂ ಆಚೆಗಿನ ಗದಗಕ್ಕೆ ಆಯ್ಕೆ ಸ್ಪರ್ಧೆಗೆ ಹೋಗುವವಳು ತಂದೆಯ ಮುಂದೆ ಕೈಯೊಡ್ಡಬೇಕಾದ ಪ್ರಸಂಗ ತಪ್ಪಿತು. ಕೊನೆಯ ಬಸ್ಸಿನ ಹೊತ್ತು ಮಾತ್ರ ಮೊದಲಿನಂತೆಯೇ ಅಭ್ಯಾಸದ ಹೊತ್ತನ್ನು ನಿರ್ಧರಿಸುತ್ತದೆ.

ಶೋಭಾ ಅವರ ಏಳು ಸ್ಪರ್ಧೆಗಳಲ್ಲಿ ಎಷ್ಟನ್ನು ಒಂದು ಸಣ್ಣ ಊರಿನ ಮಹಿಳಾ ಕಾಲೇಜಿನ ಅಂಗಳದಲ್ಲಿ ಅಭ್ಯಾಸ ಮಾಡಬಹುದೆಂದು ಎಣಿಸಿ ನೋಡಬಹುದು. ಉದ್ದ ಜಿಗಿತಕ್ಕೆ ಮರಳಿನ ಗುಂಡಿ ಸಾಕು. ಎತ್ತರ ಜಿಗಿತಕ್ಕೂ ಹಿಂದೆ ಅದೇ ಗುಂಡಿ ಸಾಕಾಗುತ್ತಿತ್ತು. ಆದರೆ ೧೯೬೮ರಲ್ಲಿ ಅಮೆರಿಕದ ಫಾಸ್ಬರಿ ಬೆನ್ನು ಕೆಳಗಾಗಿ ಕಂಬಿ ದಾಟಿ ಗೆದ್ದಂದಿನಿಂದ ದಪ್ಪ ಮೆತ್ತೆ ಇಲ್ಲದೆ ಆ ವಿದ್ಯೆಯನ್ನು ಕಲಿಯುವಂತಿಲ್ಲ. ಸಹನಾ ಕುಮಾರಿ ೨೦೧೨ರಲ್ಲಿ ೧.೯೨ ಮೀಟರ್ ದಾಟಿದ್ದು ಅಂಥ ಮೆತ್ತೆಯ ಮೇಲೆಯೇ. ಮರಳಿನ ಗುಂಡಿಯವಳು ಇಂದಿಗೂ ಕತ್ತರಿ ಜಿಗಿತದಲ್ಲಿಯೇ ನಿಲ್ಲುತ್ತಾಳೆ. ತಡೆ ಓಟಕ್ಕೆ ಹತ್ತು ತಡೆಗಳು ಬೇಕು, ಪ್ರತಿಯೊಂದೂ ೮೩.೮ ಸೆಂಟಿಮೀಟರ್ ಎತ್ತರ, ನಡುವೆ ಎಂಟೂವರೆ ಮೀಟರ್. ಮೂರು ತಡೆಗಳಿದ್ದರೂ ಹೆಜ್ಜೆಯ ಲಯ ಕಲಿಸಬಹುದು. ಈಟಿಯನ್ನು ಗೋಡೆಯೊಳಗಿನ ಅಂಗಳದಲ್ಲಿ ಎಸೆಯುವಂತಿಲ್ಲ. ಇನ್ನೂರು, ಎಂಟುನೂರು ಮೀಟರುಗಳಿಗೆ ಊರ ಹೊರಗಿನ ಗರಸಿನ ದಾರಿಯೇ ಗತಿ. ಜೊತೆಗೊಬ್ಬ ಶಿಕ್ಷಕಿ ಇದ್ದರೆ ಅದೂ ಆಗುತ್ತದೆ. ಉಳಿದದ್ದು ಗುಂಡು. ನಾಲ್ಕು ಕಿಲೋಗ್ರಾಂ ತೂಗುವ ಕಬ್ಬಿಣದ ಉಂಡೆ, ಒಮ್ಮೆ ಕೊಂಡರೆ ಸವೆಯದು, ಮುರಿಯದು. ಪ್ರತಿ ಕಾಲೇಜಿನ ಜಿಮಖಾನಾ ಕಪಾಟಿನ ಕೆಳಗಿನ ಅರೆಯಲ್ಲಿ, ಕೇರಂ ಹಲಗೆಯ ಪಕ್ಕದಲ್ಲಿ, ಅದು ಇದ್ದೇ ಇರುತ್ತದೆ.